ಹದಿನಾರು ಗಂಟಿನ ಹಗ್ಗ

ಕಳೆದ ವಾರ ನನ್ನ ಹೊಲಿಗೆ ಅಂಗಡಿಯ ಮೆಷಿನ್ ಮೇಲೆ ಒದ್ದೆ ಹಗ್ಗದ ಒಂದು ಸುರುಳಿ ದೊಪ್ಪನೆ ಬಂದು ಬಿತ್ತು. ಪಕ್ಕದಲ್ಲೇ ಮದುವೆಮನೆಯವರ ರೇಷ್ಮೆ ರವಿಕೆ ಇತ್ತು. "ಕಣ್ಣು ಕಾಣೂದಿಲ್ವೇನೇ ನಿಂಗೆ!" ಎಂದು ಬೈಯಲು ಬಾಯಿ ತೆರೆದವಳು ಹಾಗೆಯೇ ನಿಂತುಬಿಟ್ಟೆ. ನೀರು ಕುಡಿದ ತೆಂಗಿನ ನಾರಿನ ವಾಸನೆ, ಅದರ ಜೊತೆಗೆ ಒಂದಿಷ್ಟು ಕೆಸರಿನದು... ಆ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಹಿಂದೆ ಎಲ್ಲೋ ಮಾವಶಿ ನಿಂತು ನೋಡುತ್ತಿದ್ದಾಳೆ ಅನ್ನಿಸುತ್ತದೆ.

ಹಗ್ಗ ತಂದವಳು ವೈಶಾಲಿ. ನಮ್ಮ ಓಣಿಯಿಂದ ಅಂಕೋಲೆಯ ಬೊಬ್ರುವಾಡಕ್ಕೆ ಮದುವೆಯಾಗಿ ಹೋದವಳು, ಅಲ್ಲಿ ಮಕ್ಕಳ ಗುಂಪು ನಡೆಸುತ್ತಾಳೆ. ಅವಳು ಯಾಕೆ ಬಂದಳು, ನಾನು ಯಾಕೆ ಬೈಯಲಿಲ್ಲ ಎಂದು ಹೇಳಬೇಕಾದರೆ ಮೊದಲು ಮಾವಶಿಯ ವಿಷಯ ಹೇಳಬೇಕು.

ಮಾವಶಿ ನಮ್ಮ ಕೋಡಿಬಾಗದ ಓಣಿಯ ಕೊನೆಯ ಮನೆಯವಳು. ನನಗೆ ರಕ್ತಸಂಬಂಧದ ಚಿಕ್ಕಮ್ಮನೇನಲ್ಲ, ಇಡೀ ಓಣಿಯೇ ಅವಳನ್ನು ಮಾವಶಿ ಅನ್ನುತ್ತಿತ್ತು. ಕಾಳಿ ಹೊಳೆಯ ನೀರು ಇಳಿದಾಗ ಕೆಸರಿಗೆ ಹೋಗಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವುದು ಅವಳ ಕಸುಬು. ಹೆಕ್ಕಿ, ಬೇಯಿಸಿ, ಒಳಗಿನದನ್ನು ಮಾರಿ, ಚಿಪ್ಪನ್ನು ಓಣಿಯ ಮೂಲೆಯಲ್ಲಿ ಗುಡ್ಡೆ ಹಾಕುತ್ತಿದ್ದಳು. ಆ ಮೂಲೆ ಸರಿಯಾಗಿ ನನ್ನ ಅಂಗಡಿಯ ಎದುರಿಗಿತ್ತು. ಗಿರಾಕಿಗಳು ಮೂಗು ಮುಚ್ಚಿಕೊಂಡು ಅಳತೆ ಕೊಡುವುದನ್ನು ನೋಡಿ ನೋಡಿ ನನಗೆ ರೇಗಿಹೋಗಿತ್ತು. ವಾರಕ್ಕೊಮ್ಮೆ ನಮಗಿಬ್ಬರಿಗೂ ಜಗಳ. ಜಗಳ ಅಂದರೆ ನಾನೊಬ್ಬಳೇ ಕೂಗುವುದು, ಅವಳು ಚಿಪ್ಪು ಸುರಿದು ಬುಟ್ಟಿ ಕೊಡವಿ ಹೋಗುವುದು. ಉತ್ತರವನ್ನೂ ಕೊಡದವರ ಜೊತೆ ಜಗಳವಾಡುವ ಕಷ್ಟ ನನಗೇ ಗೊತ್ತು.

ಅವಳು ಮಕ್ಕಳನ್ನು ಹೊಳೆಗೆ ಕರೆದೊಯ್ಯಲು ಶುರು ಮಾಡಿದ್ದು ಯಾವಾಗ ಎಂದು ಯಾರಿಗೂ ಸರಿಯಾಗಿ ನೆನಪಿಲ್ಲ. ರಜೆಯಲ್ಲಿ ಇಬ್ಬರು ಹುಡುಗಿಯರು ಹಿಂದೆ ಬಿದ್ದು ಕೆಸರಿಗಿಳಿದಿದ್ದರಂತೆ, ಹಾಗೆ ಶುರುವಾಯಿತು ಅನ್ನುತ್ತಾರೆ. ನಮ್ಮ ಮಕ್ಕಳೆಲ್ಲ ಹೊಳೆಯ ದಂಡೆಯಲ್ಲೇ ಹುಟ್ಟಿದವರು, ಆದರೆ ಹೊಳೆ ನೋಡುವುದು ಸೇತುವೆಯ ಮೇಲೆ ಬಸ್ಸಿನ ಕಿಟಕಿಯಿಂದ. ಶಾಲೆ, ಟ್ಯೂಷನ್, ಟಿವಿ. ಮಾವಶಿ ಅವರ ಚಪ್ಪಲಿ ಬಿಚ್ಚಿಸಿದಳು. ಯಾವ ತೂತು ಏಡಿಯದು, ಯಾವುದು ಬಳಚಿನದು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರು ಯಾಕೆ ನೆಲದಿಂದ ಮೇಲಕ್ಕೆ ಬೆರಳು ಎತ್ತುತ್ತದೆ, ಭರತಿ ತಿರುಗಿ ನೀರು ಏರತೊಡಗಿತೆಂದು ಕಾಲಿನ ಹರಡಿಗೆ ಹೇಗೆ ತಿಳಿಯುತ್ತದೆ... ಇದೆಲ್ಲ ಕಲಿಸಿದಳು. ಸಂಬಳವಿಲ್ಲ, ಫೀಸಿಲ್ಲ, ಯಾವ ಬೋರ್ಡೂ ಇಲ್ಲ. ಒಂದು ಭಾನುವಾರ ಬೆಳಿಗ್ಗೆ ನೀರು ಇಳಿದಿದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ತುಂಬಿರುತ್ತದೆ. ಹಾಗಾಗಿ ಒಂದು ವಾರ ಹೊಳೆ, ಒಂದು ವಾರ ಗುಡ್ಡ. ಹೊರಡುವ ಹೊತ್ತನ್ನು ಶನಿವಾರ ತನ್ನ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು.

ಮಕ್ಕಳು ಈ ಗುಂಪಿಗೆ ಇಟ್ಟ ಹೆಸರು 'ಹಗ್ಗ'. "ನಾಳೆ ಹಗ್ಗಕ್ಕೆ ಹೋಗ್ತೆ" ಅನ್ನುವರು. ಯಾಕೆಂದರೆ ಕೆಸರಿಗಿಳಿಯುವಾಗ ಎಲ್ಲರೂ ಮಾವಶಿ ತಾನೇ ಹೊಸೆದ ಉದ್ದನೆಯ ಕತ್ತದ ಹಗ್ಗ ಹಿಡಿಯಬೇಕಿತ್ತು. ಅದರಲ್ಲಿ ಹದಿನಾರು ಗಂಟು, ಗಂಟಿನಿಂದ ಗಂಟಿಗೆ ಒಂದು ಮಾರು ದೂರ, ಒಂದೊಂದು ಗಂಟಿಗೆ ಒಬ್ಬರು. ಮುಂದಿನ ತುದಿಯಲ್ಲಿ ಮಾವಶಿ, ಹಿಂದಿನ ತುದಿಯಲ್ಲಿ ಪೋಸ್ಟ್ ಮಾಮ. ಪೋಸ್ಟ್ ಮಾಮ ನಮ್ಮ ಓಣಿಯ ನಿವೃತ್ತ ಅಂಚೆಯವರು, ಬಹಳ ಸಾಧು. ಮಾವಶಿ ಹೇಳಿದರೆ ಹೊಳೆಯಾಚೆಗೂ ನಡೆದೇ ಹೋಗಿಬಿಡುವಂಥವರು.

ನನ್ನ ಮಗಳಿಗೆ ಆಗ ಎಂಟು ವರ್ಷ. ಒಂದು ಭಾನುವಾರ ಹೋದವಳು ಅತ್ತುಕೊಂಡು ವಾಪಸು ಬಂದಳು. ಅವಳಿಗೆ ಗಂಟು ಇಲ್ಲವಂತೆ. ನಾನು ಕೈಯಲ್ಲಿದ್ದ ಕತ್ತರಿಯನ್ನೂ ಕೆಳಗಿಡದೆ ಮಾವಶಿಯ ಅಂಗಳಕ್ಕೆ ಹೋದೆ.

"ಒಂದು ಮಗು ಹೆಚ್ಚಾದ್ರೆ ನಿನ್ನ ಹಗ್ಗ ಹರಿದುಹೋಗ್ತದಾ ಮಾವಶಿ?"

ಅವಳು ನನ್ನ ಕತ್ತರಿ ನೋಡಿದಳು, ನನ್ನನ್ನು ನೋಡಿದಳು. "ಹಗ್ಗಕ್ಕೆ ಎಂತಾ ಆಗೂದಿಲ್ಲ ಬಾಯೀ. ನನ್ನ ಕಣ್ಣಿಗೆ ಎಂಟೇ ಮಕ್ಕಳು ಹಿಡಿಸೂದು, ಮಾಮನ ಕಣ್ಣಿಗೆ ಎಂಟು. ನಿನ್ನ ಮಗಳಿಗೆ ಗಂಟು ಬೇಕಾದ್ರೆ ನಿನ್ನ ಎರಡು ಕಣ್ಣು ತಕ್ಕೊಂಡು ಬಾ. ಇನ್ನೊಬ್ರನ್ನ ಕರ್ಕೊಂಡು ಬಾ. ಇನ್ನೊಂದು ಹಗ್ಗ ಹೊಸಿತೆ."

ನಾನಾ? ಕೆಸರಿಗಾ? ನನಗೆ ಅಂಗಡಿ ಇದೆ, ಮದುವೆ ಸೀಸನ್ ಇದೆ, ಸೊಂಟ ನೋವಿದೆ. ಇದ್ದದ್ದು ಇಲ್ಲದ್ದು ಎಲ್ಲ ಹೇಳಿ ಬಂದೆ. ನಾನೊಬ್ಬಳೇ ಅಲ್ಲ. ಗಂಟಿಗಾಗಿ ಕಾಯುವ ಮಕ್ಕಳ ಹೆಸರನ್ನು ಮಾವಶಿ ಅದೇ ಗೋಡೆಯ ಮೇಲೆ ಬರೆಯುತ್ತಿದ್ದಳು. ನಾಲ್ಕಿದ್ದದ್ದು ಎಂಟಾಯಿತು. ಮಕ್ಕಳನ್ನು ಕಳಿಸಲು ಎಲ್ಲರೂ ತಯಾರು, ಜೊತೆಗೆ ಬರಲು ಯಾರೂ ಇಲ್ಲ. ಕೇಳಿದರೆ ಎಲ್ಲರಿಗೂ ಭಾನುವಾರವೇ ಕೆಲಸ.

ಆಮೇಲೆ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಮಾವಶಿಯ ತಂಗಿಯ ಮನೆ ಬೊಬ್ರುವಾಡದಲ್ಲಿತ್ತು. ಅಲ್ಲಿಗೆ ನಾಲ್ಕು ದಿನ ಹೋಗುವಾಗ ಅವಳು ಹಗ್ಗವನ್ನು ನನ್ನ ಅಂಗಡಿಗೆ ತಂದುಕೊಟ್ಟಳು. ಕೆಲವು ಗಂಟುಗಳ ನಾರು ಎದ್ದು ಮಕ್ಕಳ ಕೈಗೆ ಚುಚ್ಚುತ್ತಿತ್ತು. ಅವಕ್ಕೆ ಚೂರು ಬಟ್ಟೆ ಸುತ್ತಿ ಹೊಲಿಯಬೇಕಿತ್ತು. "ಆಯ್ತಾರ ಬೆಳಿಗ್ಗೆ ಬಸ್ಸಿಗೆ ಬರ್ತೆ. ನಾನು ಬರೂ ತನ್ಕ ಹಗ್ಗ ಹೊಳೆಗೆ ಇಳಿಸ್ಬೇಡಿ" ಅಂದು ಹೋದಳು. ನಾನು ಹದಿನಾರು ಗಂಟಿಗೂ ರವಿಕೆಯ ಚೂರುಗಳನ್ನು ಚಂದ ಮಾಡಿ ಸುತ್ತಿದೆ. ಸುತ್ತುತ್ತಾ ಸುತ್ತುತ್ತಾ ತಲೆ ಓಡಿತು. ಗಂಟಿನಿಂದ ಗಂಟಿಗೆ ಇಷ್ಟೊಂದು ಜಾಗ ಸುಮ್ಮನೆ ಖಾಲಿ ಬಿದ್ದಿದೆಯಲ್ಲ! ಬಟ್ಟೆ ಉಳಿಸುವುದು ದರ್ಜಿಯವಳ ಕೈಗುಣ. ನಡುನಡುವೆ ಇನ್ನೂ ಎಂಟು ಗಂಟು ಹಾಕಿಬಿಟ್ಟೆ. ಗೋಡೆಯ ಮೇಲಿನ ಎಂಟೂ ಮಕ್ಕಳಿಗೆ ಜಾಗ ಆಯಿತು. ಇಷ್ಟು ಸುಲಭದ್ದನ್ನು ಈ ಮುದುಕಿ ಎಷ್ಟು ದೊಡ್ಡದು ಮಾಡಿದ್ದಾಳೆ ಎಂದು ನನ್ನಷ್ಟಕ್ಕೆ ನಕ್ಕೆ ಕೂಡ.

ಭಾನುವಾರ ಬಸ್ಸು ತಡವಾಯಿತು. ನೀರು ಇಳಿದಿತ್ತು, ದಂಡೆಯ ಮೇಲೆ ಇಪ್ಪತ್ತನಾಲ್ಕು ಮಕ್ಕಳು ಕುಣಿಯುತ್ತಿದ್ದರು. ಪೋಸ್ಟ್ ಮಾಮ ಅನುಮಾನದಿಂದ ಹಗ್ಗ ನೋಡಿದರು. "ಇದು ಮಾವಶಿಗೆ ಗೊತ್ತದೆಯಾ?" ಅಂದರು. "ಗೊತ್ತದೆ, ಅವಳೇ ಹೇಳಿದ್ದು" ಅಂದೆ ನಾನು. ಅಷ್ಟು ಸಲೀಸಾಗಿ ನನ್ನ ಬಾಯಲ್ಲಿ ಸುಳ್ಳು ಬಂದದ್ದು ಅದೇ ಮೊದಲೇನಲ್ಲ, ಆದರೆ ಅಷ್ಟು ದುಬಾರಿಯಾದದ್ದು ಅದೇ ಮೊದಲು. ಮಾಮ ಮುಂದಿನ ತುದಿ ಹಿಡಿದು ಹೊರಟರು. ಹಿಂದಿನ ತುದಿ ನನ್ನದು. ಕೆಸರಿನ ಅಂಚಿಗೆ ಬಂದಾಗ ನನ್ನ ಸೀರೆ ನೋಡಿಕೊಂಡೆ. ತುದಿಯನ್ನು ಒಂದು ಕಾಂಡ್ಲಾ ಗಿಡದ ಬುಡಕ್ಕೆ ಕಟ್ಟಿ ದಂಡೆಯಲ್ಲೇ ನಿಂತೆ. ಅಲ್ಲಿ ಒಬ್ಬಳು ಪರಿಚಯದವಳು ಸಿಕ್ಕಿದಳು. ಮಾತು ಶುರುವಾಯಿತು. ನನ್ನ ಮಾತು ಶುರುವಾದರೆ ಗೊತ್ತಲ್ಲ.

ನಡುವಿನಲ್ಲಿ ಒಬ್ಬಳು ಜಾರಿದಳು. ಒಂದು ಮಾರು ದೂರವಿದ್ದಿದ್ದರೆ ಅವಳೊಬ್ಬಳೇ ಬಿದ್ದು ಎದ್ದು ನಗುತ್ತಿದ್ದಳು. ಈಗ ಹತ್ತಿರ ಹತ್ತಿರ ಇದ್ದವರು ನಾಲ್ವರು ಒಬ್ಬರ ಮೇಲೊಬ್ಬರು ಬಿದ್ದರು, ಹಗ್ಗ ಕೈಬಿಟ್ಟರು. ಅವರಲ್ಲಿ ಒಬ್ಬಳು, ಆಗಿನ್ನೂ ಪುಟ್ಟ ಹುಡುಗಿ ವೈಶಾಲಿ, ಪಕ್ಕಕ್ಕೆ ಕಾಲಿಟ್ಟಳು. ಅದು ಮೆತ್ತನೆಯ ಜಾಗ. ಮೊಣಕಾಲಿನ ತನಕ, ಆಮೇಲೆ ತೊಡೆಯ ತನಕ ಹೂತುಹೋದಳು. ಮಾಮನಿಗೆ ಹಿಂದಿನದು ಕಾಣಲಿಲ್ಲ. ನಾನು ನೋಡುತ್ತಿರಲಿಲ್ಲ. ಉಳಿದ ಮಕ್ಕಳು ಆಟವೆಂದು ನಗುತ್ತಿದ್ದರು. ಅವಳು ಕಿರುಚಿದಾಗ ನಾನು ತಿರುಗಿ ನೋಡಿದೆ. ಭರತಿ ತಿರುಗಿತ್ತು. ತೆಳ್ಳಗೆ ನೀರು ಅವಳ ಕಡೆ ಬರುತ್ತಿತ್ತು. ನಾನು ಕೆಸರಿಗೆ ಓಡಿದವಳು ನಾಲ್ಕು ಹೆಜ್ಜೆಗೆ ನಾನೇ ಹೂತು ನಿಂತೆ. ದೇವರೇ, ಆ ಕ್ಷಣ...

ಆಗ ನನ್ನ ಪಕ್ಕದಿಂದ ಯಾರೋ ಹಾದುಹೋದರು. ಕೈಯಲ್ಲಿದ್ದ ಬಟ್ಟೆ ಚೀಲವನ್ನು ದಂಡೆಗೆ ಎಸೆದು ಬಸ್ಸಿನಿಂದ ಇಳಿದ ಹಾಗೆಯೇ ಬಂದಿದ್ದಳು ಮಾವಶಿ. ಓಡಲಿಲ್ಲ. ವೈಶಾಲಿಯ ಹತ್ತಿರ ಹೋಗಿ ಕೆಸರಿನ ಮೇಲೆ ಬೋರಲು ಮಲಗಿದಳು, ಒಳ್ಳೆಯ ಸೀರೆಯ ಸಮೇತ. "ಹಿಂದೆ ಒರಗು ಮಗಾ, ಹಾಸಿಗೆ ಮೇಲೆ ಮಲಗಿದ ಹಾಂಗೆ. ಕಾಲು ಮೆಲ್ಲಗೆ ಅಲ್ಲಾಡ್ಸು" ಅನ್ನುತ್ತಾ ಕೆಸರಿನೊಳಗೆ ಕೈ ಹಾಕಿ ಕಾಲಿನ ಸುತ್ತ ನೀರು ಬಿಟ್ಟಳು. ಒಂದು ಕಾಲು ಬಂತು. ಇನ್ನೊಂದೂ ಬಂತು. ವೈಶಾಲಿಗೆ ಗೀರೂ ಬಿದ್ದಿರಲಿಲ್ಲ. ಮಾವಶಿ ಮಕ್ಕಳನ್ನೆಲ್ಲ ದಂಡೆಗೆ ತಂದು ಎಣಿಸಿದಳು. ಆಮೇಲೆ ಹಗ್ಗ ಕೈಗೆ ತಗೊಂಡು ಒಂದು ತುದಿಯಿಂದ ಇನ್ನೊಂದು ತುದಿಯ ತನಕ ಬೆರಳಾಡಿಸಿದಳು. ನನ್ನ ಕಡೆ ನೋಡಲೂ ಇಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಅವಳ ಅಂಗಳ ತುಂಬಾ ಜನ. "ಈ ಹಗ್ಗ ಗಿಗ್ಗ ಎಲ್ಲ ಇವತ್ತಿಗೆ ಬಂದ್" ಎಂದು ಗಂಡಸರು ಕೂಗಿದರು. ವೈಶಾಲಿಯ ಅಮ್ಮ ಮಗಳನ್ನು ಸೊಂಟಕ್ಕೆ ಒತ್ತಿ ಹಿಡಿದು ನಿಂತಿದ್ದಳು. ಪೋಸ್ಟ್ ಮಾಮ ತಲೆ ಎತ್ತಲಿಲ್ಲ, ನನ್ನ ಹೆಸರನ್ನೂ ಹೇಳಲಿಲ್ಲ. ಮಾವಶಿ ಎದ್ದು ನಿಂತು, "ಹಗ್ಗ ನನ್ನದು. ತಪ್ಪೂ ನನ್ನದೇ" ಅಂದಳು. ಅಷ್ಟೇ ಹೇಳಿ ಹಗ್ಗವನ್ನು ಸುತ್ತಿ ಮಾಡಿನ ಗೂಟಕ್ಕೆ ಹಾಕಲು ಹೋದಳು. ಹಾಕಿದ್ದರೆ ಮುಗಿದೇಹೋಗುತ್ತಿತ್ತು. ಮುಂದಿನ ಭಾನುವಾರದಿಂದ ಮಕ್ಕಳು ಟಿವಿ ಮುಂದೆ, ನಾನು ಮೆಷಿನ್ ಮುಂದೆ, ಎಲ್ಲ ಮೊದಲಿನ ಹಾಗೆ.

ಸುಮ್ಮನಿದ್ದಿದ್ದರೆ ನಾನು ಪಾರಾಗಿದ್ದೆ. ಆದರೆ ಬೇಡದ ಕಡೆಯೆಲ್ಲ ಬಾಯಿ ಹಾಕಿದವಳು ಬೇಕಾದ ಕಡೆ ಹೇಗೆ ಸುಮ್ಮನಿರಲಿ? "ಗಂಟು ಹಾಕಿದ್ದು ನಾನು. ಮಾಮನಿಗೆ ಸುಳ್ಳು ಹೇಳಿದ್ದೂ ನಾನು. ತುದಿ ಬಿಟ್ಟು ದಂಡೆಯಲ್ಲಿ ಹರಟೆ ಹೊಡೆದದ್ದೂ ನಾನೇ" ಅಂದೆ. ಆಮೇಲೆ ವೈಶಾಲಿಯ ಅಮ್ಮನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯಲಾರೆ. ಕೇಳುವಷ್ಟೂ ಕೇಳಿಸಿಕೊಂಡೆ.

ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಮಾವಶಿ ಕೇಳಿದಳು: "ಹಗ್ಗ ಇಡೂದೋ ಬಿಡೂದೋ ನೀವೇ ಹೇಳಿ. ಇಡೂದಾದ್ರೆ ಒಂದು ಸಾಲೂದಿಲ್ಲ, ಎರಡು ಬೇಕು. ಇನ್ನೊಂದಕ್ಕೆ ಎರಡು ಜನ ದೊಡ್ಡವರು ಬೇಕು."

ನಾನು ಕೈ ಎತ್ತಿದೆ. ಕೈ ಎತ್ತಿ ನಿಂತೇ ಇದ್ದೆ, ಶಾಲೆಯಲ್ಲಿ ತಪ್ಪು ಉತ್ತರ ಹೇಳುವವಳ ಹಾಗೆ. ಕೊನೆಗೆ ವೈಶಾಲಿಯ ಅಮ್ಮನೇ ಮುಂದೆ ಬಂದಳು. "ನನ್ನ ಮಗಳು ಜೀವಮಾನ ಇಡೀ ಹೊಳೆಗೆ ಹೆದ್ರೂದು ಬೇಡ. ನಾ ಬರ್ತೆ. ಈ ಬಾಯಿಬಡಕಿ ಮೇಲೆ ಒಂದು ಕಣ್ಣು ಇಡ್ಲಿಕ್ಕಾದ್ರೂ ಬರ್ತೆ!"

ಮಾವಶಿ ಮಾಡಿನ ಗೂಟದಿಂದ ಕೈ ಕೆಳಗಿಳಿಸಿದಳು. ಅಲ್ಲೇ ಅಂಗಳದಲ್ಲಿ ಕೂತು ನಾನು ಹಾಕಿದ ಎಂಟೂ ಗಂಟನ್ನು ಒಂದೊಂದಾಗಿ ಬಿಚ್ಚಿದಳು. ಬಿಚ್ಚಿ ಮುಗಿದ ಮೇಲೆ ಕತ್ತಿ ತರಿಸಿ ಹಗ್ಗವನ್ನು ಸರಿಯಾಗಿ ಎರಡು ತುಂಡು ಮಾಡಿದಳು. "ಎಂತಾ ನೋಡ್ತೀರಿ? ಹೊಸ ನಾರು ತನ್ನಿ" ಅಂದಳು. ಒಂದೊಂದು ತುಂಡಿಗೂ ಹೊಸ ಹಗ್ಗ ಹೊಸೆದು ಸೇರಿಸಿದಳು. ಹದಿನಾರು ಗಂಟಿನ ಎರಡು ಹಗ್ಗ. ಅವತ್ತಿನಿಂದ ನಮ್ಮಲ್ಲಿ ಹಗ್ಗ ಹೆಚ್ಚುವುದು ಹಾಗೆಯೇ. ಗೋಡೆಯ ಮೇಲೆ ಕಾಯುವವರ ಹೆಸರು ಎಂಟಾಯಿತೋ, ಇಬ್ಬರು ದೊಡ್ಡವರು ಸಿಕ್ಕಿದರೋ, ಹಳೆಯದನ್ನು ಕತ್ತರಿಸು.

ಆದರೆ ಕೈ ಎತ್ತಿದ ಮಾತ್ರಕ್ಕೆ ತುದಿ ಸಿಗುತ್ತಿರಲಿಲ್ಲ. ಮಾವಶಿಯ ಪರೀಕ್ಷೆ ಇತ್ತು. ಬೆಳಿಗ್ಗೆ ಕೆಸರಿನಲ್ಲಿ ಏಡಿಗಳ ತೂತಿನ ನಡುವೆ ನಿಲ್ಲಿಸಿಬಿಡುವಳು. ಮನುಷ್ಯರ ಸದ್ದಿಗೆ ಏಡಿಗಳೆಲ್ಲ ಒಳಗೆ ಹೋಗಿರುತ್ತವೆ. ಮಾತಾಡದೆ, ಅಲ್ಲಾಡದೆ ನಿಂತರೆ ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಹೊರಗೆ ಬರುತ್ತವೆ. ಅವು ಬಂದರೆ ಪಾಸು. "ಏಡಿ ನಂಬದವರ ಕೈಲಿ ಮಕ್ಕಳನ್ನ ಹ್ಯಾಂಗೆ ಕೊಡೂದು?" ಅನ್ನುವಳು. ವೈಶಾಲಿಯ ಅಮ್ಮ ಮೊದಲ ದಿನವೇ ಪಾಸಾದಳು, ಅವಳ ಕಾಲಬುಡದಲ್ಲಿ ಏಡಿಗಳ ಜಾತ್ರೆಯೇ ನೆರೆಯಿತು. ನಾನು ಎರಡು ಸಲ ನಪಾಸು. ಒಮ್ಮೆ ಸೊಳ್ಳೆಗೆ ಬೈದೆ, ಇನ್ನೊಮ್ಮೆ "ಬಂತಾ?" ಎಂದು ಕೇಳಿಬಿಟ್ಟೆ. ಮೂರನೆಯ ಸಲ ತುಟಿ ಕಚ್ಚಿಕೊಂಡು ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ... ನನ್ನ ಹೆಬ್ಬೆರಳಿನ ಪಕ್ಕದ ತೂತಿನಿಂದ ಇಕ್ಕಳದಂಥ ಕೆಂಪು ಕೊಂಬಿನ ಒಂದು ಪುಟ್ಟ ಏಡಿ ಇಣುಕಿತು. ಆಚೆ ನೋಡಿತು, ಈಚೆ ನೋಡಿತು, ಪೂರ್ತಿ ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ದಂಡೆಯ ಮೇಲಿದ್ದ ನನ್ನ ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಸದ್ದಿಲ್ಲದೆ ಕುಣಿಯುತ್ತಿದ್ದಳು. ಮೆಟ್ರಿಕ್ ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ, ಸತ್ಯವಾಗಿ.

ನಾನೂ ವೈಶಾಲಿಯ ಅಮ್ಮನೂ ಆ ಹಗ್ಗವನ್ನು ಒಂದು ವರ್ಷ ಪರಸ್ಪರ ಮಾತಿಲ್ಲದೆ ನಡೆಸಿದೆವು. ನಡುವೆ ಹದಿನಾರು ಮಕ್ಕಳು ಇದ್ದದ್ದು ಒಳ್ಳೆಯದೇ ಆಯಿತು. ಹೇಳಬೇಕಾದದ್ದನ್ನು ಗಂಟಿನಿಂದ ಗಂಟಿಗೆ ಮಕ್ಕಳೇ ದಾಟಿಸುತ್ತಿದ್ದರು. ಈಗ ಅವಳ ಮನೆಯ ಬಳಚಿನ ಸುಕ್ಕೆ ತಿನ್ನದೆ ನನಗೆ ವಾರ ಕಳೆಯುವುದಿಲ್ಲ.

ಮೂರನೆಯ ಹಗ್ಗ ಹೊಳೆಯಾಚೆ ಚಿತ್ತಾಕುಲಕ್ಕೆ ಹೋಯಿತು. ಅಲ್ಲಿಯ ಒಬ್ಬ ರಿಕ್ಷಾದವನೂ ಅವನ ಅತ್ತಿಗೆಯೂ ಏಡಿಗೆ ಪಾಸಾದರು. ನಾಲ್ಕನೆಯದು ಮಾವಶಿಯ ತಂಗಿಯ ಬೆನ್ನು ಹತ್ತಿ ಬೊಬ್ರುವಾಡಕ್ಕೆ. ಅಲ್ಲಿ ಕಾಳಿ ಹೊಳೆ ಇಲ್ಲ, ಆದರೆ ಉಪ್ಪುನೀರು ಬಂದುಹೋಗುವ ಗಜನಿ ಗದ್ದೆಗಳಿವೆ, ಏಡಿಗೆ ಬರವಿಲ್ಲ. ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ನಾಲ್ಕೂ ಹಗ್ಗಗಳು ಸದಾಶಿವಗಡದ ಗುಡ್ಡ ಹತ್ತಿದವು. ಗುಡ್ಡಕ್ಕೆ ಹಗ್ಗ ಬೇಕಿರಲಿಲ್ಲ, ಆದರೂ ಮಕ್ಕಳು ಬಿಡಲಿಲ್ಲ. ಅರವತ್ತನಾಲ್ಕು ಗಂಟು, ಬಣ್ಣಬಣ್ಣದ ರವಿಕೆ ಚೂರು, ಎಂಟು ಜನ ದೊಡ್ಡವರು. ಮೇಲೆ ನಿಂತು ನೋಡಿದರೆ ಕೆಳಗೆ ಹೊಳೆ ಕಡಲು ಸೇರುವ ಜಾಗ. ಮಕ್ಕಳು ಹಾಕಿದ ಕೂಗಿಗೆ ಕೆಳಗಿನ ದೋಣಿಯವರು ಕೈ ಬೀಸಿದರು. ನನ್ನ ಎದೆ ಬಿರಿಯುವ ಹಾಗಿತ್ತು. ನಾವೂ ಗೆದ್ದೆವಲ್ಲ ಅನ್ನಿಸಿತು, ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಮಾವಶಿ ಎಲ್ಲಿ ಎಂದು ನೋಡಿದೆ. ಒಂದು ಕಲ್ಲಿನ ಮೇಲೆ ಕೂತಿದ್ದಳು. ಎರಡೂ ಕೈ ತೊಡೆಯ ಮೇಲೆ ಖಾಲಿ. ಅವಳ ಹಳೆಯ ತುದಿಯನ್ನೂ ಏಡಿಗೆ ಪಾಸಾದ ಇನ್ನೊಬ್ಬರು ಹಿಡಿದಿದ್ದರು. ಎಂಟು ತುದಿಗೂ ಎಂಟು ಜನ ಇದ್ದರು, ಅವಳಿಗೆ ಹಿಡಿಯಲು ಏನೂ ಉಳಿದಿರಲಿಲ್ಲ.

"ನಂಗೆ ತುದಿಯೇ ಇಲ್ವಲ್ಲೇ ಬಾಯೀ" ಅಂದಳು. ದೂರು ಹೇಳುವ ದನಿಯಲ್ಲೇ ಅಂದಳು, ಆದರೆ ಮುಖ ತುಂಬಾ ನಗು. ಅಷ್ಟು ಹಲ್ಲು ಅವಳಿಗಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಎರಡು ಮಳೆಗಾಲ ಕಳೆದು ಮಾವಶಿ ಹೋದಳು. ಶ್ರಾವಣದಲ್ಲಿ, ಹೊಳೆ ಕೆಂಪಾಗಿ ತುಂಬಿ ಹರಿಯುವಾಗ. ಮಳೆಗಾಲದಲ್ಲಿ ಯಾವ ಹಗ್ಗವೂ ನೀರಿಗಿಳಿಯಬಾರದು ಎಂಬುದು ಅವಳದ್ದೇ ನಿಯಮ. ಹಾಗಾಗಿ ಅವಳನ್ನು ಹೊತ್ತೊಯ್ಯುವಾಗ ಮಕ್ಕಳು ಓಣಿಯ ಎರಡೂ ಬದಿಗೆ ಹಗ್ಗ ಹಿಡಿದು ಸಾಲಾಗಿ ನಿಂತರು, ಮಳೆಯಲ್ಲೇ. ಯಾರೂ ಹೇಳಿಕೊಟ್ಟಿರಲಿಲ್ಲ... ಚಿಪ್ಪಿನ ಗುಡ್ಡೆ ಇವತ್ತಿಗೂ ನನ್ನ ಅಂಗಡಿಯ ಎದುರಿಗೆ ಇದೆ. ತೆಗೆಯಲು ಬಂದವರನ್ನು ನಾನೇ ಬೈದು ಕಳಿಸಿದೆ.

ಈಗ ಏಳು ಹಗ್ಗಗಳಿವೆ. ಎಂಟನೆಯದಕ್ಕೆ ನಾರು ನೆನೆಸಿ ಹೊಸೆದು, ಬಸ್ಸಿನಲ್ಲಿ ತಂದು, ನನ್ನ ಮೆಷಿನ್ ಮೇಲೆ ಎಸೆದವಳು ವೈಶಾಲಿ. ಅಂದು ಕೆಸರಿನಲ್ಲಿ ಹೂತಿದ್ದ ಅದೇ ವೈಶಾಲಿ. ಬೊಬ್ರುವಾಡದ ಗೋಡೆಯ ಮೇಲೆ ಎಂಟು ಹೆಸರುಗಳು ತುಂಬಿವೆಯಂತೆ. ಇಬ್ಬರು ದೊಡ್ಡವರು ಸಿಕ್ಕಿದ್ದಾರಂತೆ, ಅವರಲ್ಲಿ ಒಬ್ಬ ಅವಳ ಗಂಡನೇ, ನಾಲ್ಕನೇ ಸಲಕ್ಕೆ ಪಾಸು. ಆದರೆ ಅಲ್ಲಿಯ ಹಗ್ಗದಲ್ಲಿ ಮಾವಶಿಯ ನಾರು ಸವೆದು ಏನೂ ಉಳಿದಿಲ್ಲ. ಇರುವುದು ನಮ್ಮ ಕೋಡಿಬಾಗದ ಹಗ್ಗದಲ್ಲಿ ಒಂದು ಮೊಳ ಮಾತ್ರ. ಅದಕ್ಕೀಗ ಬಲವೇನೂ ಇಲ್ಲ. ಯಾರ ಭಾರವನ್ನೂ ಅದರ ಮೇಲೆ ಹಾಕುವುದಿಲ್ಲ. ಗಟ್ಟಿ ಹಗ್ಗದ ಮೇಲಿಟ್ಟು ಬಟ್ಟೆ ಸುತ್ತಿ ಹೊಲಿಯುತ್ತೇವೆ, ಅಷ್ಟೇ. ವೈಶಾಲಿ ಅದನ್ನೇ ಕೇಳಲು ಬಂದದ್ದು, ನಾನು ಕೊಡಬಾರದೆಂದೇ ಇದ್ದೆ. ಇದ್ದದ್ದು ಅದೊಂದೇ, ನನಗೂ ವಯಸ್ಸಾಯಿತು, ಅಷ್ಟಾದರೂ ನನ್ನ ಹತ್ತಿರ ಇರಲಿ ಎಂಬ ಆಸೆ.

"ಆಂಟೀ, ಅದಿಲ್ದೆ ಮಕ್ಕಳು ಹಿಡಿಯೂದಿಲ್ಲ" ಅಂದಳು.

ನಮ್ಮ ಹಗ್ಗ ತಂದು ಆ ಮೊಳದ ಹೊಲಿಗೆ ಬಿಚ್ಚಿದೆ. ಕಪ್ಪಗಾದ ಒಂದು ಮೊಳ ಹಗ್ಗ, ಮುಟ್ಟಿದರೆ ಪುಡಿ ಉದುರುತ್ತದೆ. ನಡುವೆ ಒಂದು ಡೊಂಕು. ವೈಶಾಲಿ ಅದನ್ನು ಬೆರಳಿನಿಂದ ನೇರ ಮಾಡಲು ನೋಡಿದಳು, ಆಗಲಿಲ್ಲ. "ಇದೆಂತಾ?" ಎಂದು ಕೇಳಿದಳು.

ಹೇಳಬಾರದಿತ್ತು, ಆದರೆ ನನ್ನ ಬಾಯಿ. "ಅದು ನಾನು ಹಾಕಿದ ಗಂಟಿನ ಜಾಗ. ಅವತ್ತು ನೀನು ಹಿಡಿದದ್ದು ಇಂಥದ್ದೇ ಒಂದು. ಮಾವಶಿ ಬಿಚ್ಚಿದ್ಲು, ಡೊಂಕು ಹೋಗ್ಲಿಲ್ಲ."

ವೈಶಾಲಿ ಜೋರಾಗಿ ನಕ್ಕಳು. "ಹಂಗಾದ್ರೆ ಇದೇ ಬೇಕು. ಡೊಂಕು ಇದ್ದ ಕಡೆಯೇ ಕೊಡಿ. ಹೊಸದಾಗಿ ತುದಿ ಹಿಡಿಯೋರಿಗೆ ಮೊದ್ಲು ಇದನ್ನೇ ತೋರಿಸ್ತೆ."

ಪೂರ್ತಿ ಮೊಳವನ್ನೂ ಕೊಟ್ಟುಬಿಟ್ಟೆ. ಹಸಿರು ರೇಷ್ಮೆಯ ಚೂರು ಸುತ್ತಿ, ಸಣ್ಣ ಹೊಲಿಗೆ ಹಾಕಿ, ದಾರ ಹಲ್ಲಿನಿಂದ ಕಡಿದೆ. ನನ್ನ ಹತ್ತಿರ ಈಗ ಮಾವಶಿಯದು ಅಂತ ಏನೂ ಇಲ್ಲ. ವೈಶಾಲಿ ಹೋದ ಮೇಲೆ ಅವಳು ಹಗ್ಗ ಎಸೆದಿದ್ದ ಜಾಗದಲ್ಲಿ ಮೆಷಿನ್ ಒದ್ದೆಯಾಗಿತ್ತು, ಒರೆಸಲು ಮನಸ್ಸಾಗಲಿಲ್ಲ. ಮೂಗು ಹತ್ತಿರ ತಂದು ಸ್ವಲ್ಪ ಹೊತ್ತು ಕೂತೆ. ಅತ್ತುಬಿಟ್ಟೆ ಕೂಡ, ಯಾಕೆ ಸುಳ್ಳು ಹೇಳಲಿ.

ಅವತ್ತು ಶನಿವಾರ. ಎದ್ದು ಸೀಮೆಸುಣ್ಣ ತಗೊಂಡು ಅಂಗಡಿಯ ಬಾಗಿಲ ಮೇಲೆ ಬರೆದೆ: ನಾಳೆ ಹೊಳೆ, ಬೆಳಿಗ್ಗೆ ಏಳಕ್ಕೆ. ಬರೆದು, ಅಭ್ಯಾಸದಂತೆ ಓಣಿಯ ಕೊನೆಯ ಮನೆಯ ಕಡೆ ತಿರುಗಿದೆ, ಸರಿಯಾ ಮಾವಶಿ ಎಂದು ಕೇಳಲು. ಯಾರೂ ಇರಲಿಲ್ಲ. ಚಿಪ್ಪಿನ ಗುಡ್ಡೆಯ ಹತ್ತಿರ ಗೋಲಿ ಆಡುತ್ತಿದ್ದ ಮಕ್ಕಳು ಬರೆದದ್ದನ್ನು ಓದಿ ಹೋ ಎಂದು ಕೂಗುತ್ತಾ ಮನೆಮನೆಗೆ ಹೇಳಲು ಓಡಿದರು.